ಒಂದಕ್ಷರ ತಪ್ಪಿದ ಕ್ಷಿಪಣಿ

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿಯ ಕಡೆ ಹೊರಳಿತೆಂದರೆ, ಕಿಟಕಿಗಳು ಮುಚ್ಚಿದ್ದರೂ ಯಾರಾದರೊಬ್ಬರು ಸೀನುತ್ತಾರೆ. ಮೊದಲ ಸೀನಿಗೆ ಉಳಿದವರು ನಗುತ್ತಾರೆ. ಮೂರನೆಯದು ಬರುವಷ್ಟರಲ್ಲಿ ನಕ್ಕವರೂ ಟವೆಲ್ಲನ್ನು ಮೂಗಿಗೊತ್ತಿಕೊಂಡಿರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಬಲ್ಲವರು ಬರೆಯುತ್ತ ಬಂದಿದ್ದಾರೆ. ಹಾಗೆ ಬರೆದವರಲ್ಲಿ ಎಷ್ಟು ಜನ ಸುಗ್ಗಿಯ ದಿನಗಳಲ್ಲಿ ಈ ಊರಿನ ಗಾಳಿಯನ್ನು ಉಸಿರಾಡಿದ್ದಾರೋ ನನಗೆ ತಿಳಿಯದು. ಬರೆದದ್ದನ್ನೆಲ್ಲ ನಂಬಬಾರದು ಎಂಬ ಪಾಠ ನನಗೆ ಮೊದಲು ಮೂಗಿನಿಂದಲೇ ಆಯಿತು.

ಹೋದ ತಿಂಗಳು ನಾನು ಬ್ಯಾಡಗಿಗೆ ಹೋದದ್ದು ಗೆಳೆಯ ಶಿವಪುತ್ರಪ್ಪನ ಮೊಣಕಾಲು ನೋಯುತ್ತಿದೆಯೆಂದು ಕೇಳಿ. ಅವನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಹಿಂದೆ ದೊಡ್ಡ ಅಂಗಳ. ಅಂಗಳದ ಮೂಲೆಯಲ್ಲಿ ತುಂಬಿದ ಚೀಲಗಳನ್ನು ಒಟ್ಟಿ, ಇಬ್ಬನಿ ತಾಗದಂತೆ ಒಂದು ಹಳೆಯ ಫ್ಲೆಕ್ಸನ್ನು ಹೊದಿಸಿದ್ದರು. ಬಿಸಿಲಿಗೆ ಅದರ ಬಣ್ಣಗಳೆಲ್ಲ ಹಾರಿಹೋಗಿ, ದಪ್ಪ ಕಪ್ಪು ಅಕ್ಷರದ ಒಂದೇ ಪದ ಉಳಿದಿತ್ತು: ಗಂಡಾಂತರ.

ಆ ಪದವನ್ನು ತಿದ್ದಿಕೊಡಬೇಕೆಂದು ಬ್ಯಾಡಗಿಯ ವಾಚನಾಲಯದ ಹೊಸ ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಿದ್ದಾರೆ. ವಾಚನಾಲಯದ ಸ್ಮರಣ ಸಂಚಿಕೆಯಲ್ಲಿ ನನ್ನ ಹಳೆಯ ಉಪನ್ಯಾಸವೊಂದನ್ನು ಅಚ್ಚು ಹಾಕುವರಂತೆ. ಅದರ ತಲೆಬರಹದಲ್ಲಿ 'ಅಂದಿನ ಮುದ್ರಣದೋಷ' ಉಳಿಯಬಾರದಂತೆ. ನಾನು ತಿದ್ದುವುದಿಲ್ಲ. ಏಕೆ ತಿದ್ದುವುದಿಲ್ಲ ಎಂಬುದನ್ನು ತಿಳಿಸಬೇಕಾದರೆ ಕೆಲವು ವರ್ಷಗಳ ಹಿಂದಿನ ಒಂದು ಸುಗ್ಗಿಯನ್ನು ನೆನೆಯಬೇಕಾಗುತ್ತದೆ.

ಮೊದಲು ನನ್ನ ವಿಷಯ. ನಾನು ಹಲಗೇರಿಯಲ್ಲಿ ಹುಟ್ಟಿದವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ರಾಣೇಬೆನ್ನೂರಿನಲ್ಲಿ ಪಂಪುಸೆಟ್ಟುಗಳ ಅಂಗಡಿಯಿಟ್ಟು, ಮಾರಿ, ರಿಪೇರಿ ಮಾಡಿ, ಕಣ್ಣು ಮಂಜಾದ ಮೇಲೆ ಅದನ್ನು ಮಗನಿಗೆ ಬಿಟ್ಟುಕೊಟ್ಟೆ. ಇಂಗ್ಲಿಷನ್ನು ಕಲಿತದ್ದು ಪಂಪಿನ ಜೊತೆ ಬರುತ್ತಿದ್ದ ಪುಸ್ತಿಕೆಗಳಿಂದ. ತರುಣನಾಗಿದ್ದಾಗ ಬ್ಯಾಡಗಿಯ ತೋಟಗಳಿಗೆ ರಿಪೇರಿಗೆ ಬಂದು ಬಸ್ಸು ತಪ್ಪಿದರೆ ವಾಚನಾಲಯದಲ್ಲಿ ಕೂರುತ್ತಿದ್ದೆ. ಅಲ್ಲಿಗೆ ಅಮೆರಿಕ, ರಷ್ಯಾ ಎಂಬ ಎರಡು ದೊಡ್ಡ ದೇಶಗಳಿಂದ ನುಣುಪು ಕಾಗದದ ಬಣ್ಣದ ಪತ್ರಿಕೆಗಳು ಬರುತ್ತಿದ್ದವು. ಎರಡನ್ನೂ ಒಂದೇ ಬೆಂಚಿನ ಮೇಲೆ ಹರವಿಕೊಂಡು ಓದಿದವರು ಊರಿನಲ್ಲಿ ಹೆಚ್ಚಿರಲಿಲ್ಲ. ಇಂಥವರು ಇದನ್ನು, ಅಂಥವರು ಅದನ್ನು ಎಂದು ಹಂಚಿಕೊಂಡಿದ್ದರು. ಎರಡನ್ನೂ ಓದಿದ ನನಗೆ ಒಂದು ಸಂಗತಿ ಕಾಣಿಸಿತು. ಎರಡು ದೇಶಗಳೂ ಆಕಾಶವನ್ನು ತಾವೇ ಗೆದ್ದೆವೆನ್ನುತ್ತಿದ್ದವು. ಎರಡೂ ಅದನ್ನು ಶಾಂತಿಗಾಗಿ ಗೆದ್ದೆವೆನ್ನುತ್ತಿದ್ದವು. ಒಂದರಲ್ಲಿ ರಾಕೆಟ್ಟು ಕಟ್ಟಿದ ಮುಖ್ಯಸ್ಥನ ನಗುಮುಖ ಪುಟ ತುಂಬ ಇರುತ್ತಿತ್ತು. ಇನ್ನೊಂದರಲ್ಲಿ ಮುಖ್ಯಸ್ಥನ ಹೆಸರೇ ಇರುತ್ತಿರಲಿಲ್ಲ. ರಾಕೆಟ್ಟಿನ ಚಿತ್ರವನ್ನೂ ಮೂತಿಯ ಕಡೆಯಿಂದ ತೋರಿಸಿ ಬುಡವನ್ನು ಕತ್ತರಿಸಿಬಿಡುತ್ತಿದ್ದರು. ನಾನು ಪಂಪಿನವನು. ಯಾವ ಯಂತ್ರವನ್ನಾದರೂ ಬುಡದಿಂದ ನೋಡುವುದು ನನ್ನ ರೂಢಿ. ಬುಡ ಮುಚ್ಚಿಟ್ಟವರ ಮಾತನ್ನು ನಂಬಬೇಕೇಕೆ ಎಂಬ ಪ್ರಶ್ನೆ ಆ ಬೆಂಚಿನ ಮೇಲೆ ಹುಟ್ಟಿದ್ದು ಇನ್ನೂ ಸತ್ತಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದು, ಅಂಗಳಗಳೆಲ್ಲ ಕೆಂಪು ಜಮಖಾನೆ ಹಾಸಿದಂತಾಗಿದ್ದ ಹೊತ್ತಿನಲ್ಲಿ, ವಾಚನಾಲಯದ ಅಧ್ಯಕ್ಷನಾಗಿದ್ದ ಶಿವಪುತ್ರಪ್ಪ ರಾಣೇಬೆನ್ನೂರಿನ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದ.

"ಗುಡ್ಡಪ್ಪಾ, ವಾಚನಾಲಯದಾಗ ಈ ಸಲ ವಿಜ್ಞಾನದ ಮ್ಯಾಲ ಒಂದು ಉಪನ್ಯಾಸ ಇಡಬೇಕಂತ ಮಾಡೇವಿ. ಮಾತಾಡವ್ರು ಸಿಗವಲ್ರು."

"ಅದಕ್ಕ ನಾ ನೆನಪಾದ್ನೇನು?"

"ಮತ್ತೇನು? ಪಂಪು ಕೆಟ್ಟು ನಿಂತಮ್ಯಾಲನ ಅಲ್ಲೇನು ಜನಕ್ಕ ನಿನ್ನ ಅಂಗಡಿ ನೆನಪಾಗ್ತಿದ್ದದ್ದು?"

ನೀರು ತಂದಿಟ್ಟ ನನ್ನ ಹೆಂಡತಿ ನೀಲವ್ವ ನಗುವನ್ನು ತಡೆಯಲಿಲ್ಲ. "ಕರಕೊಂಡು ಹೋಗ್ರಿ ಅಣ್ಣಾರ. ಇಷ್ಟು ವರ್ಷ ಆ ರಾಕೆಟ್ಟಿನ ಸುದ್ದಿ ನಾ ಒಬ್ಬಾಕೀನ ಕೇಳೇನಿ. ಉಳದವರ ಕಿವೀನೂ ಒಂದೀಟು ಸವೀಲಿ."

ನಾನು ಬಿಗುಮಾನ ತೋರಿಸಿದೆನಾದರೂ ಒಳಗೆ ಉಕ್ಕಿದ್ದು ನಿಜ. ಅಷ್ಟು ವರ್ಷ ಕೇಳುಗರ ಬೆಂಚಿನಲ್ಲಿ ಕುಳಿತ ವಾಚನಾಲಯದಲ್ಲಿ ವೇದಿಕೆ ಹತ್ತುವುದೆಂದರೆ ಶಾಲೆ ಬಿಟ್ಟವನಿಗೆ ಸಣ್ಣ ಮಾತಲ್ಲ. ವಿಷಯವನ್ನು ಆಗಲೇ ಹೇಳಿಬಿಟ್ಟೆ: ಖಂಡಾಂತರ ಕ್ಷಿಪಣಿಗಳು, ಅವುಗಳ ಎಂಜಿನ್ನುಗಳು, ಹುಟ್ಟು ಮತ್ತು ಬೆಳವಣಿಗೆ.

ನನ್ನ ವಾದವನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು. ರಾಕೆಟ್ಟೆಂದರೆ ಬೆಂಕಿ ಎಂದು ಜನ ತಿಳಿದಿದ್ದಾರೆ, ಏಕೆಂದರೆ ಬೆಂಕಿ ಕಣ್ಣಿಗೆ ಕಾಣುತ್ತದೆ. ಕಾಣದೆ ಒಳಗೆ ಕುಳಿತದ್ದು ಪಂಪು. ಭಾರವಾದ ಸಿಡಿತಲೆಯೊಂದನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಎಸೆಯಬೇಕಾದರೆ ಒಂದು ಕೆರೆಯ ಕಟ್ಟೆ ಒಡೆದಂತೆ ಇಂಧನವನ್ನೂ ಮೈ ಸುಡುವಷ್ಟು ತಣ್ಣಗಿನ ದ್ರವ ಆಮ್ಲಜನಕವನ್ನೂ ಉರಿಕೋಣೆಗೆ ನೂಕಬೇಕು. ಕೋಣೆಯೊಳಗಿನ ಒತ್ತಡ ಅವನ್ನು ಹೊರಗೆ ದಬ್ಬುತ್ತಿರುತ್ತದೆ. ಅದನ್ನು ಮೀರಿ ನೂಕಬೇಕು. ದ್ರವದಲ್ಲಿ ಒಂದಿಷ್ಟು ಗುಳ್ಳೆಯೆದ್ದರೂ ಪಂಪು ಹಿಡಿತ ತಪ್ಪುತ್ತದೆ. ನಮ್ಮ ರೈತರು ಅಂಗಡಿಗೆ ಬಂದು "ಪಂಪು ಹವಾ ಹಿಡದೈತ್ರಿ" ಎನ್ನುತ್ತಿದ್ದ ದೂರೇ ಆ ಎರಡು ದೊಡ್ಡ ದೇಶಗಳ ತಜ್ಞರನ್ನೂ ಕಾಡಿತ್ತು. ನಮ್ಮ ಪಂಪು ಹವಾ ಹಿಡಿದರೆ ಕಬ್ಬು ಬಾಡುತ್ತದೆ. ಅವರದು ಹಿಡಿದರೆ ಕ್ಷಿಪಣಿ ತಾನು ನಿಂತ ನೆಲದ ಮೇಲೆಯೇ ಸಿಡಿಯುತ್ತದೆ. ಉರಿಕೋಣೆ ದೊಡ್ಡದಾದಷ್ಟೂ ಜ್ವಾಲೆ ಒಳಗೇ ತೂಗಾಡಿ, ಕೂಗಿ, ಕೋಣೆಯನ್ನೇ ಹರಿದುಹಾಕುತ್ತಿತ್ತು. ರಷ್ಯಾದವರು ಒಂದೇ ದೊಡ್ಡ ಕೋಣೆಯನ್ನು ಪಳಗಿಸಲಾರದೆ ಒಂದೇ ಪಂಪಿಗೆ ನಾಲ್ಕು ಸಣ್ಣ ಕೋಣೆಗಳನ್ನು ಜೋಡಿಸಿದರು. ದೊಡ್ಡ ಹಂಡೆಗೆ ಒಲೆ ಹೊತ್ತದಿದ್ದಾಗ ಮದುವೆಮನೆಯ ಅಡುಗೆಯವರು ನಾಲ್ಕು ಒಲೆ ಹೂಡುವುದಿಲ್ಲವೇ, ಹಾಗೆ. ಅಮೆರಿಕದವರು ಮುಂದೆ ದೊಡ್ಡ ಕೋಣೆಯ ಒಳಗೆ ತಡೆಗೋಡೆಗಳನ್ನಿಟ್ಟು ಜ್ವಾಲೆಯ ತೂಗಾಟವನ್ನು ಮುರಿದರು. ಇದರಲ್ಲಿ ಒಬ್ಬನೇ ಮಹಾಪುರುಷನಿಗೆ ಬೆಳಕು ಹೊಳೆದ ಗಳಿಗೆ ಎಲ್ಲಿಯೂ ಇಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದವರ ಸಾಲು ಇದೆ. ಲೋಕ ಕೊಂಡಾಡಿದ ಮೊದಲ ಕೃತಕ ಚಂದ್ರ ಹೊತ್ತುಹೋದದ್ದೂ ಬಾಂಬು ಒಯ್ಯಲೆಂದು ಕಟ್ಟಿದ ಕ್ಷಿಪಣಿಯ ಬೆನ್ನ ಮೇಲೆಯೇ.

ಇದನ್ನೆಲ್ಲ ಬರೆಯುವಾಗ ಒಂದು ಸಾಲಿನ ಬಳಿ ನನ್ನ ಕೈ ನಿಂತಿತು, ಆದರೂ ಬರೆದೆ. ಎರಡು ದೇಶಗಳ ಕ್ಷಿಪಣಿಗಳಿಗೂ ಮೂಲ ಗುರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಹಾರಿಸಿದ ರಾಕೆಟ್ಟು ಬಾಣ. ಯುದ್ಧ ಮುಗಿದ ಮೇಲೆ ಅದನ್ನು ಕಟ್ಟಿದವರನ್ನೂ ಬಿಡಿಭಾಗಗಳನ್ನೂ ಗೆದ್ದವರು ಹಂಚಿಕೊಂಡರು. ಆ ಬಾಣವನ್ನು ಜೋಡಿಸಿದ್ದು ಗುಡ್ಡದೊಳಗಿನ ಸುರಂಗದಲ್ಲಿ, ಸೆರೆಯಾಳುಗಳ ಕೈಯಿಂದ. ನಾನು ಬರೆದ ಸಾಲು ಇದು: "ಆ ಬಾಣ ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುತ್ತ ಸತ್ತವರೇ ಹೆಚ್ಚು."

ಉಪನ್ಯಾಸದ ಅಧ್ಯಕ್ಷತೆ ವಹಿಸಬೇಕಾಗಿದ್ದವರು ದೇಸಾಯಿ ಸರ್. ಭೌತಶಾಸ್ತ್ರ ಕಲಿಸಿ, ಪ್ರಾಚಾರ್ಯರಾಗಿ ನಿವೃತ್ತರಾದವರು. ಈ ಭಾಗದ ಅರ್ಧ ಜನ ಅವರ ಶಿಷ್ಯರು. ವಾಚನಾಲಯದ ರೂಢಿಯಂತೆ ಬರಹವನ್ನು ಮೊದಲು ಅವರು ನೋಡಬೇಕಿತ್ತು. ನೋಡಿ, ನನ್ನನ್ನೂ ಶಿವಪುತ್ರಪ್ಪನನ್ನೂ ವಾಚನಾಲಯಕ್ಕೆ ಕರೆಸಿದರು.

"ಭಾಳ ಶ್ರಮಪಟ್ಟೀರಿ, ಗುಡ್ಡಪ್ಪನೋರ," ಎಂದರು. ಹೊಗಳಿಕೆ ನಿಜವಾದದ್ದೇ ಆಗಿತ್ತು. "ಪಂಪಿನ ಭಾಗ ನಾ ಕ್ಲಾಸಿನಾಗ ಸುದ್ದಾ ಇಷ್ಟು ಛಲೋ ಹೇಳಿಲ್ಲ. ಮೂರು ಮಾತು ಅವ. ಮೊದಲಿಗೆ ಮೈಸೂರಿನ ಸುಲ್ತಾನರ ಕಬ್ಬಿಣದ ಬಾಣದಿಂದ ಶುರು ಮಾಡ್ರಿ. ನಮ್ಮ ನಾಡಿನ ಹೆಮ್ಮಿ ಅದು."

"ಹೆಮ್ಮಿ ಖರೇರಿ. ಆದರ ಅದರಾಗ ಪಂಪಿಲ್ಲ. ಮದ್ದಿನ ಬಾಣಕ್ಕೂ ಇದಕ್ಕೂ ನೆಟ್ಟಗ ಹಾದಿ ಎಳದ್ರ ನಡುವಿನವರೆಲ್ಲಾ ಬಿಟ್ಟು ಹೋಗ್ತಾರ."

"ಆತು, ಅದು ನಿಮ್ಮ ಇಚ್ಛಾ. ಎರಡನೇದು, ಈ ಬೆಂಕಿ ಆರಿಸೂ ಪಂಪಿನ ಕಥಿ."

ಆ ಕಥೆ ನನ್ನ ಬರಹದ ಮುತ್ತು. ಆ ಜರ್ಮನರ ಬಾಣಕ್ಕೆ ಬೇಕಾದ ಪಂಪು ಎಲ್ಲಿಯೂ ಸಿಗದೆ, ಕೊನೆಗೆ ಬೆಂಕಿ ಆರಿಸುವ ಬಂಡಿಗಳಿಗೆ ಪಂಪು ಮಾಡುವವರ ಬಳಿ ಹೋದರಂತೆ. ಅವರು "ಇದರಲ್ಲೇನು, ನಾವು ದಿನಾ ಮಾಡುವುದೇ" ಎಂದರಂತೆ. ಬೆಂಕಿ ಆರಿಸುವವರ ಕೈಯಿಂದಲೇ ಲೋಕಕ್ಕೆ ಬೆಂಕಿ ಬಂತು ಎಂದು ನಾನು ಬರೆದು, ನೀಲವ್ವನಿಗೆ ಓದಿ ತೋರಿಸಿದ್ದೆ.

"ಇದನ್ನ ಹೇಳಿದವರು ಯಾರು?" ದೇಸಾಯಿ ಸರ್ ಕೇಳಿದರು.

"ಆ ಕೆಲಸದ ಮುಖ್ಯಸ್ಥನ ಹೇಳ್ಯಾನ್ರಿ, ಮುಂದ ಅಮೆರಿಕಾಕ್ಕ ಹೋದಮ್ಯಾಲ."

"ಸುರಂಗದ ವಿಷಯಕ್ಕ ಬಾಯಿ ಬಿಗಿ ಹಿಡದ ಮನಷ್ಯಾ ಪಂಪಿನ ವಿಷಯಕ್ಕ ಮಾತ್ರ ಖರೇ ಹೇಳಿದ್ನೇನು? ಎಲ್ಲಾರ ಮಾತೂ ಸಂಶಯ ಪಡ್ತೀರಿ. ಇದನ್ನ ಯಾಕ ನಂಬಿದ್ರಿ? ನಿಮಗ ಪಂಪು ಅಂದ್ರ ಪ್ರೀತಿ, ಅದಕ್ಕ."

ಕಥೆ ಸುಳ್ಳೆಂದು ಅವರು ಹೇಳಲಿಲ್ಲ. ಹೇಳಿದವನ ಹೊರತು ಸಾಕ್ಷಿಯಿಲ್ಲ ಎಂದರು, ಅಷ್ಟೆ. ಅದು ನನ್ನದೇ ಅಳತೆಗೋಲು. ಅಲ್ಲಿಯೇ ಪೆನ್ನು ತೆಗೆದು ಆ ಪುಟವನ್ನು ಹೊಡೆದುಹಾಕಿದೆ. ಹಾಗೆ ಮಾಡುವಾಗ ನಾನೇ ಕಟ್ಟಿದ ಬಾವಿಯ ಕಟ್ಟೆಯನ್ನು ಕೆಡವಿದಷ್ಟು ಸಂಕಟವಾಯಿತು.

"ಮೂರನೇದು ಈ ಸಾಲು," ಎಂದರು. ಸುರಂಗದ ಸಾಲು. "ಸುಳ್ಳು ಅಂತ ನಾ ಅನ್ನಂಗಿಲ್ಲ. ಇದಕ್ಕ ಸಾಕ್ಷಿ ಅವ, ನಾನೂ ಓದೇನಿ. ಆದರ ಸಾಲಿ ಮಕ್ಕಳು ಬರ್ತಾವ. ಆಕಾಶ ನೋಡ್ರಿ ಬರ್ರಿ ಅಂತ ಕರದು ಸುರಂಗ ತೋರಿಸಿದ್ರ ಹೆಂಗ?"

"ಅದು ಸುರಂಗದಾಗಿಂದನ ಆಕಾಶಕ್ಕ ಹೋಗೇತ್ರಿ, ಸರ್."

"ಮಕ್ಕಳಿಗೆ ಮೊದಲು ಆಸೆ ಹುಟ್ಟಬೇಕು ಗುಡ್ಡಪ್ಪನೋರ. ಆಮ್ಯಾಲ ಅವು ತಾವ ಓದಿ ಉಳಿದದ್ದು ತಿಳಕೋತಾವ. ನಾ ಇಷ್ಟು ವರ್ಷ ಕಲಿಸಿದ್ದು ಹಂಗ."

"ನಾ ಇಷ್ಟು ವರ್ಷ ಓದಿದ್ದೂ ಹಂಗರಿ. ಬುಡ ಕತ್ತರಿಸಿದ ಚಿತ್ರಾನ ನೋಡಕೋತ ಬಂದೇನಿ. ಈಗ ನನ್ನ ಕೈಲೆ ಕತ್ತರಿಸು ಅಂತೀರಿ."

ದೇಸಾಯಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಸಾಲು ಇದ್ರ ನಾ ಅಧ್ಯಕ್ಷತೆ ವಹಿಸಂಗಿಲ್ಲ."

"ಆ ಸಾಲು ಇಲ್ಲಂದ್ರ ನಾ ಮಾತಾಡಂಗಿಲ್ರಿ."

"ಇಬ್ರೂ ಸೇರಿ ನನ್ನನ್ನ ಅಂಗಳದಾಗ ಒಣಾ ಹಾಕಿಬಿಡ್ರಿ," ಎಂದ ಶಿವಪುತ್ರಪ್ಪ. "ಆಮಂತ್ರಣ ಹಂಚಿ ಆಗೇತಿ. ನಾ ಮಂದೀಗೆ ಮಾರಿ ಹೆಂಗ ತೋರಿಸ್ಲಿ?"

ಆ ವಾರ ನಾನು ದಿನವೂ ಬ್ಯಾಡಗಿಗೆ ಬಂದು ಅವನ ಅಂಗಳದಲ್ಲಿ ಸುಮ್ಮನೆ ಕೂರುತ್ತಿದ್ದೆ. ಬೆಳಗಿನ ಇಬ್ಬನಿಗೆ ಮೆತ್ತಗಾದ ಕಾಯಿ ಮಧ್ಯಾಹ್ನಕ್ಕೆ ಗಲಗಲ ಎನ್ನುತ್ತಿತ್ತು. ಸುತ್ತಲಿನ ಊರುಗಳಿಂದ ಬಂದ ಹೆಂಗಸರು ತಲೆಗೆ ಬಟ್ಟೆ ಸುತ್ತಿ ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಅವರನ್ನು ಟೆಂಪೋದಲ್ಲಿ ಕರೆತಂದು, ಸಂಜೆ ಮತ್ತೆ ಮನೆಮುಟ್ಟಿಸುವ ಹೊಣೆ ಫಕೀರವ್ವನದು. ಗಟ್ಟಿ ದನಿಯ ಹೆಂಗಸು. ಅವಳು ಸೀನಿದರೆ ಸಾಲಿಗೆ ಸಾಲೇ ಹಿಂದಿನಿಂದ ಸೀನುತ್ತಿತ್ತು. ಕೈಯುರಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ ಒಮ್ಮೆ ನನ್ನನ್ನು ಕೆಣಕಿದಳು: "ಅಜ್ಜಾರ, ದಿನಾ ಬಂದು ಕುಂದರ್ತೀರಿ. ಒಂದೀಟು ತೊಟ್ಟರ ಬಿಡಸ್ರಿ, ಪುಣ್ಯೇ ಬರ್ತೈತಿ."

ಬಿಡಿಸಿದೆ. ಬೆರಳು ಉರಿದವು. ಕಡಿಮೆ ಖಾರದ ಕಾಯಿಯೆಂದು ಬರೆದವರನ್ನು ಮತ್ತೊಮ್ಮೆ ನೆನೆದೆ.

ಬಿಡಿಸುತ್ತಿರುವಾಗಲೇ ನನಗೆ ದಾರಿಯೊಂದು ಕಂಡಿತು. ಸಂಜೆ ಶಿವಪುತ್ರಪ್ಪನಿಗೆ ಹೇಳಿದೆ: "ಸರ್‌ಗೆ ತಿಳಸು. ಆ ಸಾಲು ನಾ ಹೇಳಂಗಿಲ್ಲ. ಆದರ ಆ ಜಾಗಾ ಬಂತಂದ್ರ ಬಾಯಿ ಮುಚ್ಚಿ ನಿಂದರ್ತೇನಿ. ಸಾಲು ಕಿತ್ತ ಜಾಗಾ ಖಾಲಿ ಕಾಣಬೇಕು. ಅದನ್ನ ಮಾತಿನಿಂದ ಮುಚ್ಚಂಗಿಲ್ಲ."

"ವೇದಿಕಿ ಮ್ಯಾಲ ಸುಮ್ಮನ ನಿಂತ್ರ ಮುದುಕಗ ಮರವು ಬಂತು ಅಂತಾರಲೇ ಮಂದಿ!"

"ಅನ್ಲಿ."

ದೇಸಾಯಿ ಸರ್ ಒಪ್ಪಿದರಂತೆ. ಜೊತೆಗೆ ಒಂದು ಮಾತು ಸೇರಿಸಿದರಂತೆ: "ಯಾರರ ಪ್ರಶ್ನೆ ಕೇಳಿದ್ರ ಉತ್ತರ ಹೇಳಾಕ ಅವರಿಗೆ ಅಡ್ಡಿಲ್ಲ." ಕೇಳಿ ನಾವಿಬ್ಬರೂ ನಕ್ಕೆವು. ಬ್ಯಾಡಗಿಯಲ್ಲಿ ಉಪನ್ಯಾಸ ಮುಗಿದು 'ಪ್ರಶ್ನೆಗಳಿದ್ದರೆ' ಎಂದ ಕೂಡಲೇ ಜನ ಚಹಾದ ಕಡೆಗೆ ಏಳುತ್ತಾರೆ. ಪ್ರಶ್ನೆ ಕೇಳಿದವರನ್ನು ಆ ವಾಚನಾಲಯ ಅಲ್ಲಿಯವರೆಗೆ ಕಂಡಿರಲಿಲ್ಲ.

ಉಪನ್ಯಾಸದ ದಿನ ಪೇಟೆಗೆ ರಜೆ. ಖಾಲಿ ಕುರ್ಚಿ ಕಾಣಬಾರದೆಂದು ಶಿವಪುತ್ರಪ್ಪ ತನ್ನ ಅಂಗಳದ ಹೆಂಗಸರನ್ನೆಲ್ಲ ಚಹಾ, ಚುರುಮುರಿಯ ಆಸೆ ತೋರಿಸಿ ಕೂರಿಸಿದ್ದ. ಮುಂದಿನ ಸಾಲುಗಳಲ್ಲಿ ಶಾಲೆಯ ಮಕ್ಕಳು, ಹಿಂದೆ ಫಕೀರವ್ವನ ದಂಡು. ನಾನು ಒಳಗೆ ಬಂದಾಗ ದೇಸಾಯಿ ಸರ್ ವೇದಿಕೆಯ ಕಡೆ ಬೆರಳು ತೋರಿಸುತ್ತ ನಿಂತಿದ್ದರು. ಹಾವೇರಿಯಿಂದ ಆಗಷ್ಟೇ ಬಂದ ಫ್ಲೆಕ್ಸನ್ನು ಗೋಡೆಗೆ ಕಟ್ಟಿದ್ದರು. ದಪ್ಪ ಕಪ್ಪು ಅಕ್ಷರಗಳಲ್ಲಿ ಬರೆದಿತ್ತು: 'ಗಂಡಾಂತರ ಕ್ಷಿಪಣಿಗಳು: ಹುಟ್ಟು ಮತ್ತು ಬೆಳವಣಿಗೆ'.

"ನಾ ಫೋನಿನಾಗ ಸರಿಯಾಗೇ ಹೇಳೇನಿ," ಎಂದ ಶಿವಪುತ್ರಪ್ಪ.

"ಬಾಯಾಗ ಎಲಿ-ಅಡಕಿ ಇತ್ತೇನು?"

"ಇತ್ತು. ಎಲಿ-ಅಡಕಿ ಇದ್ರೇನು, ಖ ಅಂದ್ರ ಗ ಕೇಳಸ್ತೈತೇನು? ಖಂಡಾಂತರ ಅನ್ನೂ ಪದಾನ ಆ ಫ್ಲೆಕ್ಸಿನವ ಕೇಳಿಲ್ಲ. ಅವಗ ಗೊತ್ತಿದ್ದದ್ದ ಅವ ಹೊಡದಾನ."

ದೇಸಾಯಿ ಸರ್ ಬಿಳಿ ಕಾಗದ, ಅಂಟು ತರಿಸಿದರು. 'ಗ'ದ ಮೇಲೆ ಕಾಗದ ಹಚ್ಚಿ 'ಖ' ಬರೆಯೋಣ ಎಂದರು. ನಾನು ಅಂಟಿನ ಡಬ್ಬಿಯನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡೆ.

"ಇರಲಿ ಬಿಡ್ರಿ, ಸರ್."

"ತಪ್ಪು ಅದ, ಗುಡ್ಡಪ್ಪನೋರ!"

"ಒಂದು ಸಾಲು ನೀವು ತಗಸೀರಿ. ಒಂದು ಅಕ್ಷರ ತಾನಾಗೆ ಬಂದೈತಿ. ಅದನ್ನೂ ತಗದ್ರ ನನಗೇನು ಉಳೀತು?"

ಅವರು ಸೋತಂತೆ ಕಂಡರೂ ಬಿಡಲಿಲ್ಲ. ಪ್ರಾಸ್ತಾವಿಕ ನುಡಿಯಲ್ಲೇ, ಫಲಕದ ಮೊದಲ ಅಕ್ಷರ ಮುದ್ರಣದೋಷವೆಂದೂ ಮಕ್ಕಳು ಅದನ್ನು 'ಖಂಡಾಂತರ' ಎಂದು ಓದಿಕೊಳ್ಳಬೇಕೆಂದೂ ತಿಳಿಸಿದರು. ಮಕ್ಕಳು ಒಕ್ಕೊರಲಿನಿಂದ "ಖಂಡಾಂತರ" ಎಂದವು. ಹಿಂದಿನ ಸಾಲುಗಳಿಂದ ಯಾರೋ ಸೀನಿದರು.

ನಾನು ಎದ್ದು ನಿಂತೆ. ಗ್ರಂಥದ ಕನ್ನಡದಲ್ಲಿ ಬರೆದುಕೊಂಡ ಆರಂಭವನ್ನು ಮಡಚಿಟ್ಟು ನಮ್ಮ ಮಾತಿನಲ್ಲೇ ಹೇಳಿದೆ: "ಸರ್ ಹೇಳಿದ್ದು ಖರೇ. ಖಂಡಾಂತರ ಅಂದ್ರ ಒಂದು ಖಂಡದಿಂದ ಇನ್ನೊಂದು ಖಂಡಕ್ಕ ಹೋಗೂದು. ಆದರ ಅದು ಬಿಟ್ಟವರು ಇಟ್ಟ ಹೆಸರು. ಅದು ಬೀಳೂ ಊರಿನವರು ಏನಂತ ಕರೀತಾರ ಅನ್ನೂದನ್ನ ನಮ್ಮ ಹಾವೇರಿ ಫ್ಲೆಕ್ಸಿನವ ಬರದಾನ."

ಮಕ್ಕಳು ನಕ್ಕವು. ನಾನು ಪಂಪಿಗೆ ಬಂದೆ. ಹವಾ ಹಿಡಿಯುವುದನ್ನು ಹೇಳಿದಾಗ ಹಿಂದಿನ ಸಾಲುಗಳೂ ತಲೆದೂಗಿದವು. ಉರಿಯಬೇಕಾದ ಇಂಧನವೇ ಮೊದಲು ಉರಿಕೋಣೆಯ ಗೋಡೆಯ ಸುತ್ತ ಹರಿದು ಅದನ್ನು ತಂಪುಮಾಡುತ್ತದೆ ಎಂದಾಗ ದೇಸಾಯಿ ಸರ್ ಕಣ್ಣು ಮುಚ್ಚಿ, ಪಾಠ ಒಪ್ಪಿಸುವ ಜಾಣ ಹುಡುಗನನ್ನು ಕೇಳುವಂತೆ, ಸಣ್ಣಗೆ ಮುಗುಳ್ನಕ್ಕರು. ಆ ಒಂದು ಗಳಿಗೆ ನಾವಿಬ್ಬರೂ ಒಂದೇ ಕಡೆ ಇದ್ದೆವು.

ಆಮೇಲೆ ಆ ಜಾಗ ಬಂತು. ಗುಡ್ಡದೊಳಗಿನ ಸುರಂಗದಲ್ಲಿ ಬಾಣಗಳು ಸಾಲುಸಾಲಾಗಿ ತಯಾರಾದವು ಎಂದು ಹೇಳಿ ನಾನು ನಿಂತೆ. ಹಾಳೆಯನ್ನು ತಿರುವಲಿಲ್ಲ. ನೀರು ಕುಡಿಯಲಿಲ್ಲ. ಮಕ್ಕಳು ಮೊದಲು ಕಾದವು, ಆಮೇಲೆ ಒಂದನ್ನೊಂದು ತಿವಿದವು. ಶ್ರೋತೃಗಳ ನಡುವೆ ಕುಳಿತಿದ್ದ ನೀಲವ್ವ ಗಾಬರಿಯಿಂದ ಅರ್ಧ ಎದ್ದಳು. ಶಿವಪುತ್ರಪ್ಪ ನೆಲ ನೋಡುತ್ತಿದ್ದ. ದೇಸಾಯಿ ಸರ್ ಮಾತ್ರ ನೇರವಾಗಿ ನನ್ನನ್ನೇ ನೋಡುತ್ತಿದ್ದರು.

"ಯಾಕ ನಿಂತ್ರಿ ಅಜ್ಜಾರ? ಮರತ್ರೇನು?" ಹಿಂದಿನಿಂದ ಫಕೀರವ್ವನ ಗಟ್ಟಿ ದನಿ.

"ಇಲ್ಲವ್ವಾ. ನೆನಪೈತಿ."

"ಹಂಗಂದ್ರ ನಂದೊಂದು ಮಾತು ಐತ್ರಿ. ಗುಡ್ಡದೊಳಗ, ಗಾಳಿ ಬೆಳಕು ಇಲ್ಲದ ಜಾಗಾದಾಗ ಅಷ್ಟು ಬಾಣ ಕಟ್ಟಾಕ ಆಳು ಎಲ್ಲಿಂದ ತಂದ್ರು? ನಮಗ ಬಯಲಿನಾಗ ಕಾಯಿ ಬಿಡಸಾಕ ಆಳು ಸಿಗವಲ್ದು."

ಹೆಂಗಸರೆಲ್ಲ ನಕ್ಕರು. ಮಕ್ಕಳು ಹಿಂತಿರುಗಿ ನೋಡಿದವು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿನ ಬೆಳಗಾದರೆ ಟೆಂಪೋ ತುಂಬ ಆಳು ಹೊಂದಿಸುವವಳಿಗೆ ಬೇರೆ ಯಾವ ಪ್ರಶ್ನೆ ಹೊಳೆಯಬೇಕು?

ನಾನು ದೇಸಾಯಿ ಸರ್ ಕಡೆಗೆ ತಿರುಗಿದೆ. ಉಪನ್ಯಾಸ ಇನ್ನೂ ಮುಗಿದಿರಲಿಲ್ಲ. ಕೊನೆಗೆ ಉತ್ತರಿಸುವರೆಂದು ಹೇಳಿ ಕೂರಿಸಬಹುದಾಗಿತ್ತು. ಕೊನೆಗೆ ಚಹಾ ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆದರೆ ತರಗತಿಯ ಕೊನೆಯ ಬೆಂಚಿನಿಂದ ಎದ್ದ ಕೈಯನ್ನು ಒಂದು ದಿನವೂ ಕಡೆಗಣಿಸದ ಮೇಷ್ಟರೊಬ್ಬರು ಅವರೊಳಗಿಂದ ಮಾತಾಡಿದರು.

"ಪ್ರಶ್ನೆ ಬಂದದ. ಉತ್ತರ ಹೇಳ್ರಿ."

ಹೇಳಿದೆ. ಆಳುಗಳಲ್ಲ, ಸೆರೆಯಾಳುಗಳು ಎಂದೆ. ದೇಶದೇಶಗಳಿಂದ ಹಿಡಿದು ತಂದವರು, ಸುರಂಗದಲ್ಲೇ ದುಡಿದು ಸುರಂಗದಲ್ಲೇ ಮಲಗಿದವರು ಎಂದೆ. ಆಮೇಲೆ ಆ ಸಾಲನ್ನು, ಹಾಳೆ ನೋಡದೆ, ಹೇಳಿದೆ. ಮಕ್ಕಳು ಹೆದರಲಿಲ್ಲ. ಹೆದರಿದ್ದು ನಾವು ಹಿರಿಯರು. ಒಂದು ಹುಡುಗಿ ಎದ್ದು, ಅವರ ಹೆಸರುಗಳು ಯಾವ ಪುಸ್ತಕದಲ್ಲಿವೆ ಎಂದು ಕೇಳಿದಳು. ನಾನು ಓದಿದ ಪುಸ್ತಕಗಳಲ್ಲಿ ಇಲ್ಲ ಎಂದೆ. "ಹಂಗಾರ ಬ್ಯಾರೆ ಪುಸ್ತಕ ಓದ್ರಿ," ಎಂದು ಕುಳಿತಳು.

ಅಧ್ಯಕ್ಷ ಭಾಷಣದಲ್ಲಿ ದೇಸಾಯಿ ಸರ್ ತಮ್ಮ ನಿಲುವನ್ನು ಬಿಟ್ಟುಕೊಡಲಿಲ್ಲ. ಹುಟ್ಟು ಹೇಗೇ ಇರಲಿ, ಎರಡು ರಾಷ್ಟ್ರಗಳ ಕ್ಷಿಪಣಿಗಳು ಒಂದನ್ನೊಂದು ಹೆದರಿಸಿ ನಿಲ್ಲಿಸಿದ್ದರಿಂದಲೇ ಲೋಕ ಮೂರನೆಯ ಮಹಾಯುದ್ಧದಿಂದ ಉಳಿಯಿತು ಎಂದರು. ಚಹಾ ಕುಡಿಯುವಾಗ ನನ್ನ ಬಳಿ ಬಂದು, "ನಾ ಇನ್ನೂ ಒಪ್ಪಿಲ್ಲ, ಗುಡ್ಡಪ್ಪನೋರ," ಎಂದರು.

"ಒಪ್ಪಬ್ಯಾಡ್ರಿ, ಸರ್. ನಾನೂ ಒಪ್ಪಿಲ್ಲ."

ಅವರು ತಮ್ಮ ಬಿಸ್ಕತ್ತನ್ನು ಮುರಿದು ಅರ್ಧ ನನಗೆ ಕೊಟ್ಟರು. ಆಮೇಲಿನ ವರ್ಷಗಳಲ್ಲಿಯೂ ನಾವು ಒಪ್ಪದೆಯೇ ಭೇಟಿಯಾಗುತ್ತಿದ್ದೇವೆ.

ಹೋದ ತಿಂಗಳು ಶಿವಪುತ್ರಪ್ಪನ ಅಂಗಳದಲ್ಲಿ ಕುಳಿತಾಗ ಕಾರ್ಯದರ್ಶಿಗಳ ಬೇಡಿಕೆಯನ್ನು ಅವನಿಗೆ ಹೇಳಿದೆ. ಅವನು ನೋಯುವ ಕಾಲನ್ನು ಚೀಲದ ಮೇಲೆ ಚಾಚಿಕೊಂಡು ಫ್ಲೆಕ್ಸಿನ ಕಡೆ ನೋಡಿದ. ನನ್ನ ಹೆಸರು, ದೇಸಾಯಿ ಸರ್ ಹೆಸರು, ವಾಚನಾಲಯದ ಹೆಸರು ಎಲ್ಲವೂ ಬಣ್ಣದ ಅಕ್ಷರಗಳಾಗಿದ್ದವು, ಒಂದೂ ಉಳಿದಿರಲಿಲ್ಲ. 'ಕ್ಷಿಪಣಿ' ಎಂಬುದೂ ಅದರ ಮುಂದಿನ ಪದಗಳೂ ಮಡಿಕೆಗಳಲ್ಲಿ ಸವೆದುಹೋಗಿದ್ದವು.

"ಒಂದು ಮಾತು ಹೇಳ್ಲೇನು?" ಎಂದ ಶಿವಪುತ್ರಪ್ಪ. "ಇದನ್ನ ಹಾಕಿದಾಗಿಂದ ಈ ಚೀಲಕ್ಕ ಒಬ್ಬರೂ ಕೈ ಹಚ್ಚಿಲ್ಲ. ಆಚೀಚಿ ಅಂಗಳದಾಗ ಕಳುವಾಗ್ಯಾವು, ನನ್ನವು ಇಲ್ಲ. ದೇಸಾಯಿ ಸರ್ ಹೇಳಿದ್ದು ಖರೇ ಆತು ನೋಡು. ನೀ ಬಯ್ಯೂ ಕ್ಷಿಪಣಿನ ನನ್ನ ಮೆಣಸಿನಕಾಯಿ ಕಾಯಾಕ್ಹತ್ತೇತಿ."

ತೊಟ್ಟು ಬಿಡಿಸುತ್ತಿದ್ದ ಫಕೀರವ್ವ ತಲೆಯೆತ್ತದೆ ನಕ್ಕಳು.

"ಕ್ಷಿಪಣಿ ಎಲ್ಲೈತೋ?" ಎಂದೆ. "ಅದು ಅಳಿಸಿ ಹೋಗೇತಿ. ಕಾಯಾಕ್ಹತ್ತಿದ್ದು ಅಕ್ಷರ."

ಎದ್ದು ಹೋಗಿ ನೋಡಿದೆ. ಬಡಗಣ ಗಾಳಿಗೆ ಫ್ಲೆಕ್ಸಿನ ಎಡದ ಅಂಚು ಪಟಪಟ ಬಡಿಯುತ್ತಿತ್ತು. ಅಂಗಳದ ಬದಿಯಿಂದ ಒಳ್ಳೆಯ ಭಾರದ ಕಲ್ಲೊಂದನ್ನು ಎತ್ತಿತಂದು, ಸೀನು ಬರುತ್ತಿದ್ದರೂ ಕೈ ಅಲುಗದಂತೆ, 'ಗ' ಹಾರಿಹೋಗದ ಹಾಗೆ ಅದರ ಬುಡದಲ್ಲಿ ಇಟ್ಟೆ.